ಹಡಗಿದೆಯಾ ಅಂತ ಕೇಳಿದ್ದು

ದ್ವೀಪಕ್ಕೆ ಹೋಗೋಣ ಎಂದು ಹೆಂಡತಿ ಹೇಳಿದಾಗ ಲಿಫ್ಟ್ ಮೆಕ್ಯಾನಿಕ್ ಪತ್ರಿಕೆಯಿಂದ ತಲೆಯೆತ್ತದೆ "ಆಗಲಿ" ಅಂದುಬಿಟ್ಟಿದ್ದ. ಅವಳು ಹೀಗೆ ಎಷ್ಟೋ ಹೇಳುತ್ತಾಳೆ, ನಾಲ್ಕು ದಿನದಲ್ಲಿ ಮರೆಯುತ್ತಾಳೆ ಎಂದು ಅವನ ಲೆಕ್ಕ. ಆದರೆ ಈ ಸಲ ವಾರ ತುಂಬುವ ಮೊದಲೇ ಅವಳು ಏಜೆಂಟರ ಆಫೀಸಿಗೆ ಹೋಗಿ ಎರಡು ವಿಮಾನದ ಟಿಕೆಟ್ಟು ತಂದು ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿಟ್ಟಳು. ಅಂದಿನಿಂದ ಅವನು ಆ ಡ್ರಾಯರಿನತ್ತ ನೋಡುವುದನ್ನೇ ಬಿಟ್ಟ.

ಇಬ್ಬರೂ ವಿಮಾನದೊಳಗೆ ಕಾಲಿಟ್ಟವರಲ್ಲ. ಅವಳು ಟೈಲರ್, ಮನೆಯ ಮುಂದಿನ ಕೋಣೆಯೇ ಅಂಗಡಿ. ಅವನು ಇಪ್ಪತ್ತಾರು ವರ್ಷಗಳಿಂದ ಹದಿನೈದು ಇಪ್ಪತ್ತು ಅಂತಸ್ತಿನ ಕಟ್ಟಡಗಳಲ್ಲಿ, ಲಿಫ್ಟಿನ ನೆತ್ತಿಯ ಮೇಲೆ ನಿಂತು ಕೆಲಸ ಮಾಡಿದವನು. ಕೆಳಗೆ ಬಾವಿಯಂಥ ಕತ್ತಲಿದ್ದರೂ ಅವನ ಎದೆ ಹಾರಿದ್ದಿಲ್ಲ. ಅಲ್ಲಿ ಉಕ್ಕಿನ ಹಗ್ಗವಿರುತ್ತದೆ, ಒಂದಲ್ಲ, ಆರು. ಒಂದು ಕೈಕೊಟ್ಟರೆ ಐದು ಹಿಡಿಯುತ್ತವೆ. ವಿಮಾನಕ್ಕೆ ಏನಿದೆ? ಈ ಪ್ರಶ್ನೆಯನ್ನು ಅವನು ಯಾರಿಗೂ ಕೇಳಲಾರದಾಗಿದ್ದ.

ಕೇಳಲಾರದವನು ಬೇರೆ ಏನೇನೋ ಕೇಳುತ್ತಿದ್ದ. ಅವಳು ತೆಳು ಹತ್ತಿಯ ಅಂಗಿ ಹೊಲಿದು ಅವನ ಮೈಮೇಲೆ ಅಳತೆ ನೋಡುವಾಗ ಒಂದೇ ಸಮನೆ ರಗಳೆ.

"ಕತ್ತರಿ ತಗೊಂಡು ಹೋಗೋ ಹಾಗಿಲ್ವಂತೆ."

"ನಾನು ಅಲ್ಲಿ ಅಂಗಡಿ ಇಡೋಕೆ ಹೋಗ್ತಿಲ್ಲ. ಕೈ ಎತ್ತಿ."

"ಅಲ್ಲಿ ವರ್ಷಪೂರ್ತಿ ಸೆಖೆ. ನಿಂಗೆ ಸೆಖೆ ಆಗಿಬರಲ್ಲ."

"ನಂಗೆ ಏನು ಆಗಿಬರುತ್ತೆ ಅಂತ ಮೂವತ್ತು ವರ್ಷದಲ್ಲಿ ಇವತ್ತು ನೆನಪಾಯ್ತಾ?" ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡೇ ಅಂದಳು. "ಅಲ್ಲಾಡಬೇಡಿ, ಚುಚ್ಚುತ್ತೆ."

"ಗಾಳಿ ಜೋರಿದ್ರೆ ವಿಮಾನ ಇಳಿಯೋಕೇ ಬಿಡಲ್ವಂತೆ. ಮುಂದಿನ ವರ್ಷ ಹೋದ್ರೆ ಆಗಲ್ವಾ?"

ಅವಳು ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. "ಆಗಲ್ಲ. ಅಮ್ಮ ಹೋದಾಗ ಯಾಕೆ ಬರಲಿಲ್ಲ ಅಂತ ನನ್ನ ತಂಗಿ ಮುಂದೆ ನಿಂತು ಕೇಳಬೇಕು. ಫೋನಲ್ಲಿ ಕೇಳಿದ್ರೆ ಅತ್ತುಬಿಡ್ತಾಳೆ, ಮಾತು ಹಾರಿಸ್ತಾಳೆ. ಅದಕ್ಕೇ ಹೋಗ್ತಿರೋದು. ತಿರುಗಾಡೋಕೆ ಅಂದ್ಕೊಂಡ್ರಾ?"

ಅವನು ಹಾಗೆಯೇ ಅಂದುಕೊಂಡಿದ್ದ.

ತಂಗಿ ದ್ವೀಪ ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ದೋಣಿಗಳ ಎಂಜಿನ್ ರಿಪೇರಿ ಮಾಡುವವನನ್ನು ಮದುವೆಯಾಗಿ ಹಡಗಿನಲ್ಲಿ ಹೋದವಳು ಮೊದಮೊದಲು ಎರಡು ಸಲ ಬಂದಿದ್ದಳು. ಆಮೇಲೆ ಬರಲೇ ಇಲ್ಲ. ನಾಲ್ಕು ವರ್ಷದ ಹಿಂದೆ ತಾಯಿ ಹಾಸಿಗೆ ಹಿಡಿದಾಗ "ನಾಳೆ ಹೊರಡ್ತೀನಿ, ನಾಡಿದ್ದು ಹೊರಡ್ತೀನಿ" ಎನ್ನುತ್ತ ಹದಿನೆಂಟು ದಿನ ಕಳೆದಳು. ಹತ್ತೊಂಬತ್ತನೆಯ ದಿನ ತಾಯಿ ಕಣ್ಣುಮುಚ್ಚಿದರು. ಬಾಗಿಲಲ್ಲಿ ಸದ್ದಾದಾಗಲೆಲ್ಲ ಅವರು ಕತ್ತು ಹೊರಳಿಸುತ್ತಿದ್ದುದನ್ನು ಅಕ್ಕ ಒಬ್ಬಳೇ ನೋಡಿದ್ದಳು.

ಮಾರನೆಯ ದಿನ ಮಧ್ಯಾಹ್ನ, ಹನ್ನೆರಡು ಅಂತಸ್ತಿನ ಕಟ್ಟಡದ ತುತ್ತತುದಿಯ ಮೋಟಾರು ಕೋಣೆಯಲ್ಲಿ ಬುತ್ತಿ ಬಿಚ್ಚಿಟ್ಟುಕೊಂಡು, ಒಂದು ತುತ್ತೂ ಇಳಿಯದೆ, ಮೆಕ್ಯಾನಿಕ್ ನಾದಿನಿಗೆ ಫೋನು ಮಾಡಿದ. ಕುಶಲ ಕೇಳಿದ, ಅವಳ ಗಂಡನನ್ನು ವಿಚಾರಿಸಿದ. ಆಮೇಲೆ ಏನೂ ಇಲ್ಲ ಎಂಬಂತೆ ಕೇಳಿದ: "ಅಲ್ಲಿಗೆ ಹಡಗು ಇದೆಯಾ ಈಗ?"

"ನಿಂತು ಹದಿನಾರು ವರ್ಷ ಆಯ್ತು ಭಾವ. ಯಾಕೆ?"

"ಸುಮ್ನೆ. ನಿಮ್ಮಕ್ಕಂಗೆ ವಿಮಾನ ಅಂದ್ರೆ ಸ್ವಲ್ಪ ಭಯ."

ಕೆಳಗೆ ಯಾರೋ ಲಿಫ್ಟು ಕರೆದರು. ಪಕ್ಕದಲ್ಲಿ ಮೋಟಾರು ಗುಂಯ್ಗುಟ್ಟಿ ನಿಂತಿತು. ಲೈನು ಕಟ್ಟಾಯಿತೇನೋ ಎಂದು ಅವನು ಫೋನು ನೋಡಿಕೊಂಡ.

"ಅಕ್ಕನಿಗೂ ಭಯಾನಾ?" ಅಂದಳು ನಾದಿನಿ ಕೊನೆಗೆ. ದನಿ ಪೂರ್ತಿ ಬೇರೆಯಾಗಿತ್ತು. "ಭಾವ, ಅಮ್ಮನಿಗೆ ಹುಷಾರಿಲ್ಲದಾಗ ನಾನು ಎರಡು ಸಲ ಏರ್‌ಪೋರ್ಟಿಗೆ ಹೋಗಿದ್ದೆ. ಎರಡು ಸಲಾನೂ ಬಾಗಿಲ ಹತ್ರ ಕಾಲು ಬರಲಿಲ್ಲ. ಕಾಲು ನನ್ನದೇ ಅಲ್ಲ ಅನ್ನೋ ಹಾಗೆ. ಎರಡನೇ ಸಲ ಕೆಳಗೆ ಬಿದ್ದೆ, ಇವರು ಎತ್ಕೊಂಡು ಮನೆಗೆ ಬಂದ್ರು. ಇಂಥ ಕಾರಣ ಹೇಳಿದ್ರೆ ಅಕ್ಕ ನಂಬ್ತಾಳಾ? ಹೇಳಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಅವನು ಹೇಳುವುದಿಲ್ಲ ಎಂದು ಮಾತು ಕೊಟ್ಟ. ಬುತ್ತಿಯನ್ನು ಹಾಗೇ ಮುಚ್ಚಿದ.

ಮುಂದಿನ ಮೂರು ದಿನ ಅವನಿಗೆ ಕೂತಲ್ಲಿ ನಿಂತಲ್ಲಿ ನೆಮ್ಮದಿಯಿಲ್ಲ. ಲಿಫ್ಟಿನ ಒಂದೇ ಬಾಗಿಲಿನ ಸ್ವಿಚ್ಚನ್ನು ಎರಡು ಸಲ ಬಿಚ್ಚಿ ಎರಡು ಸಲ ಕೂಡಿಸಿದ. ಆಸ್ಪತ್ರೆಯ ಲಿಫ್ಟೊಂದನ್ನು ರಿಪೇರಿ ಮುಗಿದ ಮೇಲೂ ಚಾಲೂ ಮಾಡಲು ಮರೆತು, ಹೆಡ್ ನರ್ಸಿನಿಂದ ಬೈಸಿಕೊಂಡ. ಮನೆಯಲ್ಲಿ ಹೆಂಡತಿ ಟೊಪ್ಪಿ, ಮುಲಾಮು, ರಬ್ಬರ್ ಚಪ್ಪಲಿ ಎಂದು ಪಟ್ಟಿ ಬೆಳೆಸುತ್ತಲೇ ಇದ್ದಳು. ಜೊತೆಗೆ ತಂಗಿಗೆ ಏನೇನು ಕೇಳಬೇಕೆಂಬುದನ್ನೂ ಮನಸ್ಸಿನಲ್ಲಿ ಜೋಡಿಸುತ್ತಿದ್ದಾಳೆ ಎಂಬುದು ಮೆಷಿನ್ನಿನ ಸದ್ದಿನಿಂದಲೇ ಅವನಿಗೆ ತಿಳಿಯುತ್ತಿತ್ತು. ಮೊದಲು ನಿಧಾನಕ್ಕೆ ಹೋಗುತ್ತಿದ್ದ ಹೊಲಿಗೆ ಇದ್ದಕ್ಕಿದ್ದಂತೆ ಜಗಳಕ್ಕೆ ಬಿದ್ದಂತೆ ಓಡುತ್ತಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಅವನು ಕೆಲಸಕ್ಕೆ ಹೊರಟವನು ಬಾಗಿಲಿಂದ ವಾಪಸು ಬಂದು, ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತ.

"ನಂಗೆ ವಿಮಾನ ಅಂದ್ರೆ ಭಯ ಕಣೇ."

ಅವಳು ದಾರ ಪೋಣಿಸುತ್ತಿದ್ದಳು. "ಗೊತ್ತು."

"ಹೇಗೆ ಗೊತ್ತು?"

"ಒಂದು ತಿಂಗಳಿಂದ ಗಾಳಿ, ಮಳೆ, ಸೆಖೆ ಅಂತ ಒಂದೇ ಸಮನೆ ಮಾತಾಡ್ತಿದ್ದೀರಿ. ಒಂದು ಸಲಾನಾದ್ರೂ ವಿಮಾನದ ಹೆಸರೆತ್ತಿ ಭಯ ಅಂದ್ರಾ? ನಾನೇನು ಕಿವುಡೀನಾ?"

"ಹೋಗ್ಲಿ. ಇನ್ನೊಬ್ಬರಿಗೂ ಭಯ." ಅವನು ಸ್ಟೂಲಿನ ಅಂಚು ಹಿಡಿದುಕೊಂಡ. ಕೊಟ್ಟ ಮಾತು ಮುರಿಯುವುದು ಅವನ ಜಾಯಮಾನವಲ್ಲ. ಆದರೂ ಹೇಳಿದ, ನಾದಿನಿ ಎರಡು ಸಲ ಏರ್‌ಪೋರ್ಟಿಗೆ ಹೋದದ್ದು, ಕಾಲು ಬಾರದ್ದು, ಬಿದ್ದದ್ದು, ಎಲ್ಲ.

ದಾರ ಸೂಜಿಯಿಂದ ಜಾರಿಬಿತ್ತು, ಹೆಂಡತಿ ಅದನ್ನು ನೋಡಲಿಲ್ಲ. ಮುಖ ಕೆಂಪೇರಿತು, ಇಳಿಯಿತು, ಮತ್ತೆ ಏರಿತು. ಎದ್ದು ಒಳಗೆ ಹೋದಳು. ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳಿಸಿತು. ಅವನು ಹೋಗಲೂ ಆಗದೆ ಇರಲೂ ಆಗದೆ ಅಳತೆಯ ಟೇಪು ಸುತ್ತುತ್ತ, ಬಿಚ್ಚುತ್ತ ಕೂತ.

ಹೊರಬಂದವಳು ಅವನ ಕೈಯಿಂದ ಟೇಪನ್ನು ಕಿತ್ತುಕೊಂಡು ತಂಗಿಗೆ ಫೋನು ಹಚ್ಚಿದಳು.

"ನಿನ್ನ ಅಳತೆ ಹೇಳು," ಅಂದಳು ಮೊದಲ ಮಾತಿಗೇ. "ಭುಜ, ಎದೆ, ಸೊಂಟ. ಟೇಪಿಲ್ವಾ? ದಾರ ಹಿಡಿದು ಗೇಣು ಲೆಕ್ಕದಲ್ಲಿ ಹೇಳು. ನಂಗೆ ಅರ್ಥ ಆಗುತ್ತೆ." ಬರೆದುಕೊಂಡಳು. "ದಪ್ಪ ಆಗಿದ್ದೀಯ. ಇರಲಿ. ವಾಪಸು ಬರುವಾಗ ನೀನು ನಮ್ಮ ಜೊತೆ ಬರ್ತಿದ್ದೀಯ." ಆ ಕಡೆ ಏನೋ ಹೇಳಿರಬೇಕು. "ಬಾಗಿಲ ತನಕ ಬಾ. ಅಲ್ಲಿಂದ ಮುಂದೆ ನೋಡೋಣ." ಫೋನಿಟ್ಟಳು. ಆಮೇಲೆ ಗಂಡನತ್ತ ತಿರುಗದೆಯೇ ಹೇಳಿದಳು: "ಬಾಗಿಲಿಗೆ ಅಷ್ಟು ಸಲ ಕತ್ತು ಹೊರಳಿಸ್ತಿದ್ರು ಅಮ್ಮ. ಅಲ್ಲಿ ಇವಳು ಇನ್ನೊಂದು ಬಾಗಿಲಲ್ಲಿ ನಿಂತಿದ್ದಳು."

ಅವನು ಅಂದೇ ಏಜೆಂಟರ ಬಳಿ ಹೋಗಿ, ಬರುವಾಗಿನ ದಾರಿಗೆ ಮೂರನೆಯ ಟಿಕೆಟ್ಟು ಹಾಕಿಸಿದ.

"ಅವರು ಬರೋದು ಖಚಿತಾನಾ?" ಎಂದಳು ಕಂಪ್ಯೂಟರಿನ ಮುಂದಿದ್ದ ಹುಡುಗಿ.

"ಇಲ್ಲ. ಹಾಕಿ."

ಹೋಗುವಾಗಿನ ನಾಲ್ಕು ಗಂಟೆ ಅವನು ಒಂದು ಗುಟುಕು ನೀರನ್ನೂ ಕುಡಿಯಲಿಲ್ಲ. ಹೆಂಡತಿ ಮೊದಲ ಹತ್ತು ನಿಮಿಷ ಕಿಟಕಿ ನೋಡಿ, ಆಮೇಲೆ ಬಾಯಿ ತೆರೆದು ನಿದ್ದೆ ಹೊಡೆದಳು. ಅಕ್ಕತಂಗಿಯರು ಎದುರಾದಾಗ ಕೇಳಬೇಕಾದ್ದನ್ನು ಅಕ್ಕ ಕೇಳಲಿಲ್ಲ; ಮೂರನೆಯ ದಿನ ಅಡುಗೆಮನೆಯಲ್ಲಿ ತಂಗಿಯೇ ಹೇಳಿದಳು. ಇಬ್ಬರೂ ಅತ್ತರು, ಒಂದು ಪಾತ್ರೆ ಸೀದುಹೋಯಿತು.

ಹತ್ತನೆಯ ದಿನ ಏರ್‌ಪೋರ್ಟಿನ ಗಾಜಿನ ಬಾಗಿಲ ಮುಂದೆ ತಂಗಿ ನಿಂತುಬಿಟ್ಟಳು. ಅಕ್ಕ ಎಳೆಯಲಿಲ್ಲ. ಬ್ಯಾಗು ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತಳು. ತಂಗಿಯೂ ಪಕ್ಕದಲ್ಲಿ ಕೂತಳು. ಇಬ್ಬರೂ ಅಕ್ಕ ಹೊಲಿದು ತಂದಿದ್ದ ರವಿಕೆಯ ತೋಳಿನ ಹೊಲಿಗೆಯ ಬಗ್ಗೆ ಮಾತಾಡಿದರು. ಮೆಕ್ಯಾನಿಕ್ ಬಾಗಿಲಿಗೂ ಮೆಟ್ಟಿಲಿಗೂ ನಡುವೆ ಗಾಣದ ಎತ್ತಿನಂತೆ ಸುತ್ತುತ್ತಿದ್ದ, ಗಡಿಯಾರ ನೋಡುತ್ತಿದ್ದ, ಬೆವರು ಒರೆಸುತ್ತಿದ್ದ.

"ಭಾವ," ಅಂದಳು ನಾದಿನಿ ಕೊನೆಗೆ, "ನಿಮ್ಮನ್ನ ನೋಡ್ತಾ ಇದ್ರೆ ನಂಗೆ ಭಯ ಜಾಸ್ತಿ ಆಗ್ತಿದೆ. ನಾನು ಒಳಗೆ ಹೋಗ್ತೀನಿ." ಎದ್ದಳು, ಅಕ್ಕನ ಸೆರಗು ಹಿಡಿದುಕೊಂಡಳು, ಕಣ್ಣುಮುಚ್ಚಿ ಬಾಗಿಲು ದಾಟಿದಳು.

ಒಳಗೆ ಹೋದ ಮೇಲೆ ತಿಳಿಯಿತು, ವಿಮಾನ ಒಂದು ಗಂಟೆ ತಡ. ಮೂವರೂ ಸಾಲಾಗಿ ಕುರ್ಚಿಗಳಲ್ಲಿ ಕೂತರು. ಯಾರೂ ಎದ್ದು ಹೋಗಲಿಲ್ಲ.