ನಲವತ್ತು ಸೆಕೆಂಡಿನ ಕತ್ತಲೆ

ನಾಲ್ಕನೇ ನಂಬರಿನ ಉಡುಪನ್ನು ಒಳಮಗ್ಗುಲು ತಿರುವಿದಾಗ ಎಡ ಪಕ್ಕೆ ಬರುವ ಜಾಗದಲ್ಲಿ ಹತ್ತು ರೂಪಾಯಿ ನಾಣ್ಯದಷ್ಟು ಅಗಲದ ಕಂದು ಕಲೆ ಕಂಡಿತು. ಬೆವರಿನ ಕಲೆ ಎಂದುಕೊಂಡು ರಾಗಿಣಿ ಉಗುರಿನಿಂದ ಕೆರೆದಳು. ಬಟ್ಟೆ ಪುಡಿಯಾಗಿ ಉದುರಿತು.

ಬುಧವಾರ ಮಧ್ಯಾಹ್ನ. ಅತ್ತಿಗುಪ್ಪೆಯ ಟೈರ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಅವಳೊಬ್ಬಳೇ ಇದ್ದಳು. ಶೋ ಮುಗಿದ ಮರುದಿನ ಆರೂ ಉಡುಪುಗಳನ್ನು ಹಗ್ಗಕ್ಕೆ ನೇತುಹಾಕಿ ಎಲ್ಲಾದರೂ ತಂತಿ ಬಿಟ್ಟಿದೆಯೇ ಎಂದು ನೋಡುವುದು ಅವಳ ರೂಢಿ. ಕಪ್ಪು ಬಟ್ಟೆ, ತೋಳು, ಎದೆ, ಕಾಲು, ಬೂಟಿನ ಅಂಚುಗಳ ಉದ್ದಕ್ಕೂ ಹೊಲಿದ ಎಲ್‌ಇಡಿ ಪಟ್ಟಿ, ಬೆನ್ನಿನ ಚೀಲದಲ್ಲಿ ಬ್ಯಾಟರಿ, ಅದರ ಪಕ್ಕ ಬೆಂಕಿಪೊಟ್ಟಣದಷ್ಟು ಗಾತ್ರದ ರಿಸೀವರ್. ವೇದಿಕೆಯ ದೀಪ ಆರಿಸಿದರೆ ಕುಣಿಯುವವರು ಕಾಣುವುದಿಲ್ಲ, ಬೆಳಕಿನ ಗೆರೆಗಳು ಮಾತ್ರ ಕುಣಿಯುತ್ತವೆ. ಯಾರು ಯಾವಾಗ ಬೆಳಗಬೇಕು, ಯಾರು ಮಾಯವಾಗಬೇಕು ಎನ್ನುವುದೆಲ್ಲ ರಾಗಿಣಿಯ ಲ್ಯಾಪ್‌ಟಾಪಿನಿಂದ ಹೋಗುತ್ತಿತ್ತು. ಉಡುಪುಗಳ ಸರ್ಕ್ಯೂಟೂ ಅವಳದೇ. ಎಂಟು ತಿಂಗಳಿಂದ ಮಧ್ವೇಶನ ತಂಡದಲ್ಲಿ ಅವಳದು ಇದೇ ಕೆಲಸ.

ಲ್ಯಾಪ್‌ಟಾಪ್ ತೆರೆದು ಮಂಗಳವಾರದ ಶೋ ಮೊದಲಿನಿಂದ ಮತ್ತೆ ಓಡಿಸಿ ನೋಡಿದಳು. ಪರದೆಯ ಮೇಲೆ ಒಂದೊಂದು ಉಡುಪಿಗೆ ಒಂದೊಂದು ಚೌಕ. ನಾಲ್ಕನೇ ಚೌಕ ಸರಿಯಾದ ಹೊತ್ತಿಗೆ ಹಸಿರಾಗಿತ್ತು, ಸರಿಯಾದ ಹೊತ್ತಿಗೆ ಕಪ್ಪಾಗಿತ್ತು. ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಕಾಣುವಂತೆಯೂ ಇರಲಿಲ್ಲ, ಅವಳು ಕಳಿಸಿದ್ದನ್ನೇ ಆ ಚೌಕ ಅವಳಿಗೆ ತೋರಿಸುತ್ತಿತ್ತು. ಹೇಳಿದ್ದನ್ನು ರಿಸೀವರ್ ಕೇಳಿಸಿಕೊಳ್ಳುತ್ತಿತ್ತು, ತಿರುಗಿ ಏನನ್ನೂ ಹೇಳುತ್ತಿರಲಿಲ್ಲ.

ಸಂಜೆ ಐದಕ್ಕೆ ಹುಡುಗರು ಪ್ರಾಕ್ಟೀಸಿಗೆ ಬಂದರು. ನಾಲ್ಕನೇ ಉಡುಪಿನ ಅಮರೇಶ ಊಟ ತಲುಪಿಸುವ ಕಂಪನಿಯ ಟೀ ಶರ್ಟಿನಲ್ಲೇ ಬಂದು ಗೋಡೆಗೆ ಒರಗಿ ಕೂತ. ಲಿಂಗಸುಗೂರಿನ ಕಡೆಯವನು, ಕುರುಬರಹಳ್ಳಿಯಲ್ಲಿ ನಾಲ್ಕು ಜನರ ಜೊತೆ ರೂಮು ಮಾಡಿಕೊಂಡಿದ್ದ.

"ಅಮರೇಶ, ಇದೇನಿದು?"

ಅವನು ಕಲೆಯನ್ನು ನೋಡಿ ಬೇರೆ ಕಡೆ ತಿರುಗಿದ. "ಹಳೇದಿರಬೇಕ್ರಿ ಅಕ್ಕಾ."

"ಹೋದ ವಾರ ನಾನೇ ಒಗೆದಿದ್ದೀನಿ. ಟೀ ಶರ್ಟ್ ಎತ್ತು ನೋಡೋಣ."

"ಬ್ಯಾಡ ಬಿಡ್ರಿ."

ಪಕ್ಕದಲ್ಲಿ ಬೂಟಿನ ಲೇಸ್ ಕಟ್ಟುತ್ತಿದ್ದ ಶ್ರೀಶೈಲ ತಲೆಯೆತ್ತಿದ. "ಎತ್ತೋ ಮಗಾ. ಸಿಕ್ಸ್ ಪ್ಯಾಕ್ ಏನೂ ಕಳ್ದೋಗಲ್ಲ, ಇದ್ರೆ ತಾನೆ."

ಉಳಿದವರು ನಕ್ಕರು. ಅಮರೇಶನೂ ನಗುತ್ತಲೇ ಎತ್ತಿದ. ಎಡ ಪಕ್ಕೆಯ ಮೇಲೆ ಟೂತ್‌ಪೇಸ್ಟ್ ಬಳಿದುಕೊಂಡಿದ್ದ. ಅದು ಒಣಗಿ, ಬಿರಿದು, ಬಿರುಕಿನೊಳಗಿಂದ ಕೆಂಪು ಕಾಣುತ್ತಿತ್ತು. ನಗು ನಿಂತಿತು.

"ಯಾವಾಗ ಆಗಿದ್ದು?"

"ಮೂರನೇ ಹಾಡಿನ್ಯಾಗ. ಮೂಲ್ಯಾಗ ನಿಂತಿರ್ತೀನಲ್ರಿ, ಆವಾಗ."

ಮೂರನೇ ಹಾಡು ಆ ಶೋದ ಜೀವ. ಶ್ರೀಶೈಲ ಎಡ ಮೂಲೆಯಲ್ಲಿ ಗಾಳಿಗೆ ಜಿಗಿದು ಅಲ್ಲೇ ಆರುತ್ತಾನೆ. ಅದೇ ಕ್ಷಣ ಅಮರೇಶ ಬಲ ಮೂಲೆಯಲ್ಲಿ ಬೆಳಗುತ್ತಾನೆ. ಒಬ್ಬನೇ ಮನುಷ್ಯ ವೇದಿಕೆಯನ್ನೇ ದಾಟಿ ಹಾರಿದ ಹಾಗೆ ಕಾಣುತ್ತದೆ. ಅದಕ್ಕಾಗಿ ಅಮರೇಶ ಮೊದಲೇ ಬಲ ಮೂಲೆಗೆ ಹೋಗಿ ನಲವತ್ತು ಸೆಕೆಂಡ್ ಕತ್ತಲಲ್ಲಿ ನಿಂತಿರಬೇಕು.

"ಸುಡ್ತಿದ್ರೂ ಸುಮ್ನೆ ನಿಂತಿದ್ದಾ? ಬಟ್ಟೇನಾದ್ರೂ ಮೈಯಿಂದ ಹಿಡಿದು ಎಳೀಬಹುದಿತ್ತಲ್ಲೋ."

"ಕತ್ತಲ್ಯಾಗ ಯಾರೂ ಅಲ್ಲಾಡಬ್ಯಾಡ್ರಿ ಅಂತ ನೀವ ಹೇಳೀರಲ್ರಿ."

ಅವನ ದನಿಯಲ್ಲಿ ದೂರು ಇರಲಿಲ್ಲ. ಹೌದು, ಅವಳೇ ಹೇಳಿದ್ದಳು. ಅಲ್ಲಾಡಿದರೆ ಬೂಟಿನ ಅಂಚು ಬೇರೆಯವರ ಬೆಳಕಿಗೆ ಮಿಂಚಿ ಗುಟ್ಟು ಬಿಟ್ಟುಕೊಡುತ್ತದೆ ಎಂದು ಮೊದಲ ದಿನವೇ ಆರೂ ಜನರನ್ನು ಸಾಲಾಗಿ ನಿಲ್ಲಿಸಿ ಹೇಳಿದ್ದಳು. ತಾನು ಬಳಸಿದ ಮಾತು, ಕೈ ಆಡಿಸಿದ ರೀತಿ, ಎಲ್ಲ ಈಗ ನೆನಪಿಗೆ ಬಂತು.

ಉಡುಪನ್ನು ಮಡಚಿ ಚೀಲಕ್ಕೆ ತುರುಕಿಕೊಂಡು ಚಂದ್ರಾ ಲೇಔಟಿನ ಮನೆಗೆ ಒಯ್ದಳು. ಅಡುಗೆಮನೆಯ ಕಟ್ಟೆಯ ಮೇಲೆ ಹೊಲಿಗೆ ಬಿಚ್ಚಿ ನೋಡಿದರೆ, ಸೊಂಟ ಬಗ್ಗುವ ಜಾಗದಲ್ಲಿ ತಂತಿಯ ಪ್ಲಾಸ್ಟಿಕ್ ಸೀಳಿ ಒಳಗಿನ ಎಳೆಗಳು ಹೊರಬಂದಿದ್ದವು. ಒಂದು ಲೋಟ ನೀರಿಗೆ ಉಪ್ಪು ಕಲಸಿ ಆ ಜಾಗವನ್ನು ಒದ್ದೆ ಮಾಡಿದಳು. ಬ್ಯಾಟರಿ ಸಿಕ್ಕಿಸಿದಳು, ಲ್ಯಾಪ್‌ಟಾಪಿನಿಂದ ಆರಿಸಿದಳು. ಪಟ್ಟಿ ಪೂರ್ತಿ ಕಪ್ಪಾಯಿತು. ಬಗ್ಗಿ ನಿಂತವನ ಮೈಯಲ್ಲಿ ಹೇಗೋ ಹಾಗೆ ತಂತಿಯನ್ನು ಮಡಚಿ ಹಿಡಿದಳು. ಸ್ವಲ್ಪ ಹೊತ್ತಿನಲ್ಲಿ ಬೆರಳು ಚುರುಕ್ ಎಂದಿತು. ಒಂದು ಚುಕ್ಕೆ ಬೆಳಕೂ ಇರಲಿಲ್ಲ.

ಎಂಟು ತಿಂಗಳಿಂದ ತಾನು ಆರಿಸುತ್ತಿದ್ದದ್ದು ಬೆಳಕನ್ನಷ್ಟೇ ಎಂದು ಆಗ ಅವಳಿಗೆ ಅರ್ಥವಾಯಿತು. ಕಪ್ಪಾಗು ಎಂದರೆ ದೀಪಗಳು ಕಪ್ಪಾಗುತ್ತಿದ್ದವು. ಬ್ಯಾಟರಿಯಿಂದ ಸೊಂಟದವರೆಗೆ ವಿದ್ಯುತ್ತು ಹಾಗೇ ಬಂದು ನಿಂತಿರುತ್ತಿತ್ತು.

ತಾಯಿ ಅನಂತಲಕ್ಷ್ಮಿ ಸಾರಿನ ಪಾತ್ರೆ ಇಳಿಸಲು ಬಂದವರು ಮೂಗು ಅರಳಿಸಿದರು. "ಏನೇ ಸುಟ್ಟ ವಾಸನೆ? ಗ್ಯಾಸ್ ಆಫ್ ಮಾಡಿದ್ಯಾ?"

"ಆರ್ಸಿದೀನಮ್ಮ."

"ಒಲೆ ಆರ್ಸಿದ್ರೆ ಆಯ್ತಾ? ಸಿಲಿಂಡರ್ ಹತ್ರ ಆಫ್ ಮಾಡು ಅಂತ ದಿನಾ ಬಡ್ಕೋತೀನಿ. ಇಂಜಿನಿಯರಂತೆ." ಬಗ್ಗಿ ರೆಗ್ಯುಲೇಟರ್ ತಿರುಗಿಸಿ, ಮಂಡಿ ಹಿಡಿದುಕೊಂಡು ಎದ್ದರು.

ರಾಗಿಣಿ ತಾಯಿಯ ಕೈಯನ್ನೇ ನೋಡುತ್ತ ನಿಂತಿದ್ದಳು.

ಗುರುವಾರ ಮಧ್ವೇಶನ ಬಳಿ ಮಾತೆತ್ತಿದಳು. ಹನ್ನೆರಡು ವರ್ಷ ತಾನೇ ವೇದಿಕೆಯಲ್ಲಿ ಕುಣಿದು, ಮಂಡಿ ಹೋದ ಮೇಲೆ ಈ ತಂಡ ಕಟ್ಟಿದವನು. ಬರುವ ಭಾನುವಾರ ನಾಗರಭಾವಿಯ ಒಂದು ಕಲ್ಯಾಣ ಮಂಟಪದಲ್ಲಿ ಆರತಕ್ಷತೆಯ ಶೋ ಇತ್ತು. ಅದು ಚೆನ್ನಾಗಿ ಆದರೆ ಅಲ್ಲಿ ವರ್ಷವಿಡೀ ಕರೆಯುತ್ತೇವೆ ಎಂದು ಮಂಟಪದವರು ಹೇಳಿದ್ದರು.

"ಆ ತಂತಿ ಬದಲಾಯಿಸು. ಒಂದು ಫ್ಯೂಸ್ ಹಾಕು. ಮುಗೀತಲ್ಲ," ಎಂದ ಮಧ್ವೇಶ.

"ಫ್ಯೂಸ್ ಇದೆ ಸಾರ್. ಮೈತುಂಬ ದೀಪ ಹತ್ತಿದಾಗಲೂ ತಡೀಬೇಕಲ್ಲ, ಅಷ್ಟು ದೊಡ್ಡದು ಹಾಕಿದೀನಿ. ಹೀಗೆ ನಿಧಾನಕ್ಕೆ ಸುಡೋದು ಅದಕ್ಕೆ ಗೊತ್ತೇ ಆಗಲ್ಲ. ತಂತಿ ಬದಲಾಯಿಸಿದ್ರೆ ಮುಂದಿನ ತಿಂಗಳು ಇನ್ನೊಂದು ಕಡೆ ಸೀಳುತ್ತೆ. ಬಿಸಿ ಆದ್ರೆ ಹಾಕ್ಕೊಂಡವರೇ ಬ್ಯಾಟರಿ ಬಿಡಿಸ್ಕೊಳ್ಳೋ ಹಾಗಿರ್ಬೇಕು. ಈಗ ಅದು ಬೆನ್ನ ಮೇಲಿದೆ, ಕೈ ಎಟುಕಲ್ಲ."

"ಹುಡುಗರ ಕೈಗೆ ಸ್ವಿಚ್ ಕೊಟ್ರೆ ಶೋ ಅವರ ಕೈಗೆ ಹೋಗುತ್ತೆ ಕಣಮ್ಮ. ನೀನು ಬರೋಕ್ ಮುಂಚೆ ಸ್ವಿಚ್ ಅವರ ಹತ್ರಾನೇ ಇತ್ತು. ತುಮಕೂರಲ್ಲಿ ಆರು ಜನ ಸೇರಿ ಗಣಪತಿ ಮಾಡಿ ನಿಂತಿದ್ರು. ಒಬ್ಬ ಸ್ವಿಚ್ಚಿಗೆ ಮೊಣಕೈ ತಾಗಿಸಿಕೊಂಡ. ಸೊಂಡ್ಲೇ ಹೋಯ್ತು. ಸೊಂಡ್ಲಿಲ್ಲದ ಗಣಪತಿಗೆ ಜನ ಕೈ ಮುಗೀತಾ ಇದ್ರು."

ರಾಗಿಣಿಗೆ ನಗು ಬಂತು, ಬಂದದ್ದಕ್ಕೆ ಸಿಟ್ಟೂ ಬಂತು.

"ಭಾನುವಾರ ಆಗ್ಲಿ, ಆಮೇಲೆ ನೋಡೋಣ," ಎಂದು ಮಧ್ವೇಶ ಫೋನ್ ಎತ್ತಿಕೊಂಡ.

ಅವಳು ಆಮೇಲಿನವರೆಗೆ ಕಾಯಲಿಲ್ಲ. ಶುಕ್ರವಾರ, ಶನಿವಾರ ಬಾಗಿಲು ಹಾಕಿಕೊಂಡು ಕೂತು ಆರೂ ಉಡುಪುಗಳಲ್ಲಿ ಬ್ಯಾಟರಿಯಿಂದ ಹೊರಡುವ ತಂತಿಯನ್ನು ಕತ್ತರಿಸಿದಳು. ನಡುವೆ ಎಳೆದರೆ ಬಿಟ್ಟುಕೊಳ್ಳುವ ಕನೆಕ್ಟರ್ ಕೂರಿಸಿದಳು. ಅದಕ್ಕೆ ಹಳೆಯ ಸ್ಕೂಲ್ ಬ್ಯಾಗಿನ ಪಟ್ಟಿಯ ತುಂಡು ಹೊಲಿದು ಎಡಸೊಂಟದ ಹತ್ತಿರ ಹೊರಗೆ ಬಿಟ್ಟಳು. ಪಟ್ಟಿ ಒರಟಾಗಿತ್ತು, ಕತ್ತಲಲ್ಲಿ ಕೈಗೇ ಗೊತ್ತಾಗಲಿ ಎಂದು ಅದನ್ನೇ ಆಯ್ದುಕೊಂಡಿದ್ದಳು. ಮೊಣಕೈ ತಾಗಿದರೆ ಬಿಡುವಂಥದ್ದಲ್ಲ, ಬೇಕೆಂದೇ ಎಳೆಯಬೇಕು. ಒಮ್ಮೆ ಎಳೆದರೆ ವೇದಿಕೆಯ ಮೇಲೆ ಮತ್ತೆ ಸಿಕ್ಕಿಸಲು ಆಗುವುದಿಲ್ಲ. ಎಳೆದವನ ಮಟ್ಟಿಗೆ ಆ ಶೋ ಮುಗಿದಂತೆ.

ಭಾನುವಾರ ಸಂಜೆ ಮಂಟಪದ ಹಿಂದಿನ ಕೋಣೆಯಲ್ಲಿ ಅಮರೇಶನನ್ನು ಮಾತ್ರ ಪಕ್ಕಕ್ಕೆ ಕರೆದು ಹೇಳಿದಳು. "ಇಲ್ಲಿ ಕೈ ಹಾಕು. ಸಿಕ್ತಾ? ಒಂಚೂರು ಬೆಚ್ಚಗಾದ್ರೂ ಎಳಿ."

"ಜಗ್ಗಿದ್ರ ಲೈಟ್ ಹೋಗ್ತೈತ್ರಿ?"

"ಹೋಗ್ಲಿ."

"ಮಧು ಸಾರ್‌ಗೆ ಗೊತ್ತೈತ್ರಿ?"

ಅವಳು ಅವನ ಕಾಲರ್ ಸರಿ ಮಾಡಿದಳು. ಉಳಿದ ಐವರಿಗೆ ಹೇಳಲು ಹೊತ್ತಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹೊತ್ತು ಬೇಕಾದಷ್ಟಿತ್ತು. ಐವರಲ್ಲಿ ಯಾರಾದರೂ ಮಧ್ವೇಶನ ಕಿವಿಗೆ ಹಾಕಿದರೆ ಎಂಬ ಭಯ ಅವಳಿಗೆ.

ಮೊದಲ ಎರಡು ಹಾಡು ಸಲೀಸಾಗಿ ಹೋದವು. ಮಂಟಪದ ದೀಪಗಳೆಲ್ಲ ಆರಿದ್ದವು, ಊಟದ ಹಾಲ್‌ನ ಬಾಗಿಲಿಂದ ಮಾತ್ರ ಒಂದು ಪಟ್ಟೆ ಬೆಳಕು ನೆಲದ ಮೇಲೆ ಬಿದ್ದಿತ್ತು. ರಾಗಿಣಿ ಕೊನೆಯ ಸಾಲಿನ ಹಿಂದೆ ಮೇಜು ಹಾಕಿಕೊಂಡು ಕೂತಿದ್ದಳು, ಪಕ್ಕದಲ್ಲಿ ಮಧ್ವೇಶ ಕೈಕಟ್ಟಿ ನಿಂತಿದ್ದ. ಮೂರನೇ ಹಾಡು ಶುರುವಾಯಿತು. ನಾಲ್ಕನೇ ಚೌಕ ಕಪ್ಪಾಯಿತು.

ಹತ್ತು ಸೆಕೆಂಡ್. ಬಲ ಮೂಲೆಯನ್ನು ದಿಟ್ಟಿಸಿದಳು. ಅಲ್ಲಿ ಏನೂ ಇರಲಿಲ್ಲ, ಇರಬಾರದೆಂದು ತಾನೇ ಮಾಡಿದ್ದಳು. ಇಪ್ಪತ್ತು. ಈಗ ಸುಡುತ್ತಿದ್ದರೆ? ಮಂಗಳವಾರ ಇದೇ ಹೊತ್ತಿನಲ್ಲಿ ತಾನು ಏನು ಮಾಡುತ್ತಿದ್ದೆ ಎಂದು ನೆನೆದುಕೊಂಡಳು. ಬಾಟಲಿಯಿಂದ ನೀರು ಕುಡಿಯುತ್ತಿದ್ದಳು. ಮೂವತ್ತು. ಪಟ್ಟಿ ಹೊಲಿದು ಕೊಟ್ಟಿದ್ದೇನೋ ಸರಿ, ಹೇಳದೆ ನಿಲ್ಲುವುದನ್ನೇ ಕಲಿತವನು ಅದನ್ನು ಎಳೆಯುತ್ತಾನೆಯೇ?

ಶ್ರೀಶೈಲ ಜಿಗಿದ, ಗಾಳಿಯಲ್ಲೇ ಆರಿದ.

ಬಲ ಮೂಲೆ ಬೆಳಗಲಿಲ್ಲ.

"ಮತ್ತೆ ಕಳಿಸು," ಎಂದ ಮಧ್ವೇಶ. "ನಾಲ್ಕು, ನಾಲ್ಕು."

ಕಳಿಸಿ ಪ್ರಯೋಜನವಿಲ್ಲ ಎಂದು ಗೊತ್ತಿದ್ದೂ ಅವಳು ಒತ್ತಿದಳು. ಜಿಗಿದವನು ಎಲ್ಲೂ ಇಳಿಯಲಿಲ್ಲ. ಮುಂದಿನ ಸಾಲಿನಲ್ಲಿ ಒಂದು ಮಗು, ಆ ಅಂಕಲ್ ಎಲ್ಹೋದ್ರು ಎಂದು ಜೋರಾಗಿ ಕೇಳಿತು. ಒಂದಿಬ್ಬರು ನಕ್ಕರು. ಉಳಿದ ಹಾಡು ತಾನಾಗೇ ಓಡುವ ಹಾಗೆ ಬಿಟ್ಟು ರಾಗಿಣಿ ಎದ್ದಳು, ಗೋಡೆ ಹಿಡಿದುಕೊಂಡು ವೇದಿಕೆಯ ಹಿಂದಕ್ಕೆ ಬಿರಬಿರನೆ ನಡೆದಳು. ಹಿಂದೆ ಮಧ್ವೇಶ ಕುಂಟುತ್ತ ಬರುವುದು ಕೇಳುತ್ತಿತ್ತು.

ಅಮರೇಶ ಪರದೆಯ ಮಗ್ಗುಲಿಗೆ ಸರಿದು ನಿಂತಿದ್ದ. ಪಟ್ಟಿ ಕೈಯಲ್ಲೇ ಇತ್ತು. ಅವಳು ಕೇಳದೆಯೇ ಅವನ ಎಡ ಪಕ್ಕೆಗೆ ಅಂಗೈ ಒತ್ತಿದಳು. ಬಟ್ಟೆ ಬೆವರಿನಿಂದ ಒದ್ದೆಯಾಗಿ ತಣ್ಣಗಿತ್ತು. ಇನ್ನೊಂದು ಕಡೆ ಮುಟ್ಟಿದಳು, ಬೆನ್ನು ಮುಟ್ಟಿದಳು. ಎಲ್ಲ ತಣ್ಣಗೆ.

ಮಧ್ವೇಶನ ಕಣ್ಣಿಗೆ ಪಟ್ಟಿ ಬಿತ್ತು. "ಹಾಕೇ ಬಿಟ್ಯಾ," ಎಂದ ಮೆಲ್ಲಗೆ. ಆಮೇಲೆ ಕೇಳಿದ, "ಬಿಸಿ ಆಗಿತ್ತಾ ಇಲ್ವಾ, ಅಷ್ಟು ಹೇಳು."

ಆಗಿತ್ತು ಎಂದುಬಿಟ್ಟರೆ ಹುಡುಗ ಉಳಿಯುತ್ತಾನೆ, ಪಟ್ಟಿಯೂ ಉಳಿಯುತ್ತದೆ. ಆ ಮಾತು ರಾಗಿಣಿಯ ನಾಲಿಗೆಯ ತುದಿಗೆ ಬಂದಿತ್ತು.

"ಆಗಿದ್ದಿಲ್ರಿ," ಎಂದ ಅಮರೇಶ. "ಆಗ್ತೈತೇನೋ ಅನಿಸ್ತು. ಹೋದ ಸಲಾನೂ ಮೊದಲ ಹಿಂಗ ಚುಳ್ ಅಂದಿತ್ತು. ನಿಂದ್ರಾಕ ಆಗಲಿಲ್ಲ, ಜಗ್ಗಿದೆ."

"ಅನ್ನಿಸ್ತು ಅಂತ ಎಳೆದ್ಯಾ?"

"ಹೂಂ ರೀ."

"ಬರೋ ಗುರುವಾರದ ಶೋಗೆ ನೀನು ಬರೋದು ಬೇಡ."

ಅಮರೇಶ ತಲೆಯಾಡಿಸಿದ. ಮೊದಲೇ ಊಹಿಸಿದ್ದವನ ಹಾಗೆ ಬೆನ್ನಿನ ಜಿಪ್ಪಿಗೆ ಕೈ ಚಾಚಿದ, ಎಟುಕಲಿಲ್ಲ. ರಾಗಿಣಿ ಅದನ್ನು ಕೆಳಗೆಳೆದಳು. ಅಷ್ಟರಲ್ಲಿ ವೇದಿಕೆಯಲ್ಲಿ ಕೊನೆಯ ಹಾಡೂ ಮುಗಿದು ಚಪ್ಪಾಳೆ ಬಿತ್ತು.

"ನಾಲ್ಕನೇದನ್ನ ಯಾರು ಹಾಕ್ಕೊಂಡ್ರೂ ಆ ಪಟ್ಟಿ ಇರುತ್ತೆ ಸಾರ್," ಎಂದಳು.

"ಹತ್ತು ಹೊಲಿಗೆ ಹಾಕಿ ಮುಚ್ಚಿಬಿಡಬಹುದು ಅದನ್ನ. ನೀನೇ ಹಾಕ್ಬೇಕು ಅಂತೇನಿಲ್ಲ."

ಅದು ನಿಜವಾಗಿತ್ತು. ಐವರು ಮೈಮೇಲಿನ ಗೆರೆಗಳು ಇನ್ನೂ ಬೆಳಗುತ್ತಿದ್ದಂತೆಯೇ ಬೆವರು ಸುರಿಸುತ್ತ ಒಳಗೆ ಬಂದು ಕುರ್ಚಿಗಳ ಮೇಲೆ ಕುಸಿದರು. ಯಾರೋ ನೀರು ಕೇಳಿದರು. ಶ್ರೀಶೈಲ ಅಮರೇಶನನ್ನು ನೋಡಿ, "ಏನ್ ಗುರು, ನನ್ನ ಗಾಳೀಲೇ ಬಿಟ್ಟು ಬಂದ್ಬಿಟ್ಯಾ," ಎಂದ.

"ಯಾರೂ ಬಟ್ಟೆ ಬಿಚ್ಚಬೇಡಿ, ಒಂದ್ ನಿಮಿಷ," ಎಂದಳು ರಾಗಿಣಿ. "ಎಡಗಡೆ ಸೊಂಟದ ಹತ್ರ ಕೈ ಹಾಕಿ. ಒರಟಾಗಿ ಒಂದು ಪಟ್ಟಿ ಸಿಗುತ್ತೆ."

"ಏನಕ್ಕಾ ಇದು, ಬಾಂಬಾ?" ಒಬ್ಬ ಕೇಳಿದ.

"ಇದುವರೆಗೂ ನಾನು ನಿಮ್ಮ ಲೈಟ್ ಆರಿಸಿದಾಗ ಲೈಟ್ ಮಾತ್ರ ಆರ್ತಿತ್ತು. ಕರೆಂಟ್ ಮೈಮೇಲೇ ಇರ್ತಿತ್ತು. ಅಮರೇಶನ ಪಕ್ಕೆ ಸುಟ್ಟಿದ್ದು ಅದಕ್ಕೇ. ನನಗೆ ಗೊತ್ತಿರ್ಲಿಲ್ಲ, ಗೊತ್ತಿರ್ಬೇಕಿತ್ತು. ಕತ್ತಲಲ್ಲಿ ಅಲ್ಲಾಡಬೇಡಿ ಅಂದಿದ್ದೂ ನಾನೇ. ಬಿಸಿ ಅನ್ನಿಸಿದ್ರೆ ಅಲ್ಲಾಡಿ, ಈ ಪಟ್ಟಿ ಎಳೀರಿ. ಎಳೆದ ಮೇಲೆ ಅದರಲ್ಲಿ ಏನೂ ಇರಲ್ಲ. ಈಗ ಎಳೆದು ನೋಡಿ."

ಒಬ್ಬ ಎಳೆದ. ಮೈಮೇಲಿನ ಗೆರೆಗಳು ಒಟ್ಟಿಗೇ ಸತ್ತವು. ಎರಡನೆಯವನು ಎಳೆದ, ಮೂರನೆಯವನು ನಗುತ್ತಾ ಎಳೆದ, ಅವನ ಹಿಂದೆ ಇನ್ನೊಬ್ಬ. ಶ್ರೀಶೈಲ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡು ಬಾಗಿಲ ಕಡೆ ನೋಡಿದ. ಅಲ್ಲಿ ಮಧ್ವೇಶ ನಿಂತಿದ್ದ.

ಮಧ್ವೇಶ ಅವನನ್ನು ನೋಡಲಿಲ್ಲ. ಕಪ್ಪಾಗಿ ಕೂತಿದ್ದ ನಾಲ್ವರನ್ನು ಒಬ್ಬೊಬ್ಬರನ್ನಾಗಿ ನೋಡಿದ, ಆಮೇಲೆ ಬನಿಯನ್ನಿನಲ್ಲಿ ನಿಂತ ಅಮರೇಶನನ್ನು. ಬನಿಯನ್ ಮೇಲಕ್ಕೆ ಸುರುಟಿಕೊಂಡು ಗಾಯದ ಅಂಚು ಹೊರಗೆ ಕಾಣುತ್ತಿತ್ತು. ಅದನ್ನು ಅವನು ನೋಡಿದ್ದು ಇದೇ ಮೊದಲು.

ಶ್ರೀಶೈಲ ಎಳೆದ.

"ಬರ್ನಾಲ್ ತಗೊಂಬನ್ನಿ ಯಾರಾದ್ರೂ," ಎಂದ ಮಧ್ವೇಶ, ಯಾರಿಗೂ ಅಲ್ಲದ ಹಾಗೆ. ಗುರುವಾರ ಅಮರೇಶ ಬರುವುದು ಬೇಡ ಎಂದ ಮಾತನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮಂಟಪದ ಮ್ಯಾನೇಜರ್ ಕರೆಯುತ್ತಿದ್ದಾರೆ ಎಂದು ಯಾರೋ ಬಂದು ಹೇಳಿದರು. ಅವನು ಹೋಗಲೂ ಇಲ್ಲ, ಬಾಗಿಲು ಬಿಟ್ಟು ಒಳಗೆ ಬರಲೂ ಇಲ್ಲ.