ನಾಲ್ಕು ಬೆರಳು ಜಾಗಕ್ಕೆ ಇಷ್ಟು ದೊಡ್ಡ ಮಷೀನು

ಖಾಲಿ ಗಾಲಿಕುರ್ಚಿ ಬಚ್ಚಲ ಬಾಗಿಲಲ್ಲಿ ಸಿಕ್ಕಿಕೊಂಡಿತು. ಗಂಡ ಹೆಂಡತಿ ಹಿಂದಕ್ಕೆ ಎಳೆದರು, ಓರೆ ಮಾಡಿದರು, ಮತ್ತೆ ನೂಕಿದರು. ಚಕ್ರ ಉಜ್ಜಿ ಚೌಕಟ್ಟಿನ ಬಣ್ಣ ಕಿತ್ತು ಬಂತೇ ಹೊರತು ಕುರ್ಚಿ ಒಳಗೆ ಹೋಗಲಿಲ್ಲ. ನಾಲ್ಕೇ ನಾಲ್ಕು ಬೆರಳು ಜಾಗ ಕಡಿಮೆ ಬಿದ್ದಿತ್ತು.

ಆ ಮನೆಯ ಸೊಸೆ ಬಟ್ಟೆ ಹೊಲಿಯುವವಳು. ಬೀದಿಯವರೆಲ್ಲ ಅವಳನ್ನು ಟೈಲರಕ್ಕ ಎಂದೇ ಕರೆಯುತ್ತಿದ್ದರು. ಅವಳ ಅತ್ತೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದ್ದರು. ಇನ್ನೇನು ಗಾಲಿಕುರ್ಚಿಯಲ್ಲಿ ಮನೆಗೆ ಬರಬೇಕು. ಆದರೆ ಮುದುಕಿಯದು ಒಂದೇ ಹಠ.

"ನನ್ನ ಮಗ ನನ್ನನ್ನ ಎತ್ಕೊಂಡು ಬಚ್ಚಲಿಗೆ ಹೋಗೋದಾದ್ರೆ ನಾನು ಮನೆಗೇ ಬರಲ್ಲ," ಎಂದು ಫೋನಿನಲ್ಲಿ ಹೇಳಿದ್ದರು. "ಅವನಿಗೆ ಸ್ನಾನ ಮಾಡಿಸಿ ಬೆಳೆಸಿದವಳು ನಾನು. ಈಗ ಅದು ಉಲ್ಟಾ ಆಗೋದು ಬೇಡ."

ಹಠ ಮಾತಿಗೇ ನಿಂತಿರಲಿಲ್ಲ. ಬಚ್ಚಲಿಗೆ ಯಾರನ್ನೂ ಕರೆಯಬಾರದೆಂದು ಅತ್ತೆ ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ, ಹೀಗೇ ಆದರೆ ಇನ್ನೊಂದು ಕಾಯಿಲೆ ಅಂಟುತ್ತದೆ ಎಂದು ನರ್ಸಮ್ಮ ಟೈಲರಕ್ಕನಿಗೆ ಗುಟ್ಟಾಗಿ ಹೇಳಿದ್ದಳು. ಅಂದಿನಿಂದ ಸೊಸೆಗೆ ಊಟ ರುಚಿಸುತ್ತಿರಲಿಲ್ಲ. ಹೇಗಾದರೂ ಸರಿ, ಅತ್ತೆ ತಾವೇ ಬಚ್ಚಲಿಗೆ ಹೋಗಿ ತಾವೇ ಬಾಗಿಲು ಹಾಕಿಕೊಳ್ಳುವಂತಾಗಬೇಕು.

ಗಾರೆ ಮೇಸ್ತ್ರಿಯನ್ನು ಕೇಳಿದರೆ ಮುಂದಿನ ವಾರ ಬರುತ್ತೇನೆ ಎಂದ.

"ನಾಲ್ಕು ಬೆರಳು ಒಡೆಯೋಕೆ ಮೇಸ್ತ್ರಿ ಯಾಕೆ?" ಎಂದ ಗಂಡ. ಅವನು ಬಸ್ ಡ್ರೈವರು. ದೊಡ್ಡ ಗಾಡಿ ಓಡಿಸಿ ಓಡಿಸಿ ದೊಡ್ಡದೆಲ್ಲ ಒಳ್ಳೆಯದು ಎಂಬ ನಂಬಿಕೆ ಬೆಳೆಸಿಕೊಂಡಿದ್ದ. "ಬಾಡಿಗೆಗೆ ಒಂದು ಮಷೀನು ತಂದ್ರೆ ಮಧ್ಯಾಹ್ನದೊಳಗೆ ಕೆಲಸ ಮುಗೀತು."

ಬಾಡಿಗೆ ಯಂತ್ರಗಳ ಅಂಗಡಿ ನಡೆಸುವಾಕೆ ಟೈಲರಕ್ಕನ ಗೆಳತಿ. ಅಂಗಡಿಯಲ್ಲಿ ಗ್ರೀಸಿನ ವಾಸನೆ, ನಾಲ್ಕಾರು ಗಿರಾಕಿಗಳು, ಗೋಡೆಯುದ್ದಕ್ಕೂ ಸಾಲಾಗಿ ಡ್ರಿಲ್ಲುಗಳು, ಕಟ್ಟಿಂಗ್ ಮಷೀನುಗಳು. ಡ್ರೈವರು ಒಂದೊಂದನ್ನೂ ಕುಂಬಳಕಾಯಿ ಆರಿಸುವವನಂತೆ ಕೈಯಲ್ಲಿ ತೂಗಿ ನೋಡಿ ಕೆಳಗಿಟ್ಟ. ಕೊನೆಗೆ ಮೂಲೆಯಲ್ಲಿದ್ದ ಬ್ರೇಕರ್ ಅನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

"ಅದು ಕಾಂಕ್ರೀಟ್ ನೆಲ ಒಡೆಯೋದು," ಎಂದಳು ಅಂಗಡಿಯಾಕೆ. "ನಿಮ್ಮ ಗೋಡೆ ಎಷ್ಟು ದಪ್ಪ?"

"ಗೋಡೆ ಎಷ್ಟಿರತ್ತೋ ಅಷ್ಟು."

"ಆಚೆ ಕಡೆ ಏನಿದೆ?"

"ಗೋಡೆದೇ ಇನ್ನೊಂದು ಮುಖ."

ಟೈಲರಕ್ಕ ನಕ್ಕುಬಿಟ್ಟಳು. ಗಂಡ ಅಷ್ಟು ಭಾರದ ಯಂತ್ರವನ್ನು ಹೂವಿನಂತೆ ಎತ್ತಿದ್ದು ಅವಳಿಗೆ ಹೆಮ್ಮೆಯೂ ಆಗಿತ್ತು. ಅಂಗಡಿಯಾಕೆ ಚಿಕ್ಕದೊಂದನ್ನು ತೋರಿಸಲು ಹೊರಟಳು. "ಕಾಂಕ್ರೀಟೇ ಒಡೆಯೋದು ಗೋಡೆ ಒಡೆಯಲ್ವಾ?" ಎಂದು ಡ್ರೈವರು ಆಗಲೇ ಬಾಗಿಲ ಕಡೆ ನಡೆದಿದ್ದ. ಇನ್ನೊಬ್ಬ ಗಿರಾಕಿ ಅವಸರ ಮಾಡಿದ. ಅವಳು ಕೈ ಬೀಸಿ ಹೋಗಿ ಬನ್ನಿ ಎಂದಳು.

ಆ ಬಚ್ಚಲ ಬಾಗಿಲಿನ ಬಲಕ್ಕೆ ನೀರಿನ ಪೈಪುಗಳು. ಎಡಕ್ಕೆ ಒಂದೂವರೆ ಅಡಿಯ ಗೋಡೆತುಂಡು. ಆ ತುಂಡು ಹೋಗಿ ಸೇರುವುದು ಪಕ್ಕದ ಮನೆಗೂ ಇವರಿಗೂ ಒಂದೇ ಆಗಿದ್ದ ಗೋಡೆಗೆ. ಪೈಪಿನ ಗೊಡವೆ ಬೇಡವೆಂದು ಡ್ರೈವರು ಎಡಕ್ಕೇ ಶುರುಮಾಡಿದ. ಯಂತ್ರವನ್ನು ತೊಡೆಗೆ ಆನಿಸಿ, ಅದರ ಉಳಿಯನ್ನು ಗೋಡೆಯ ಅಂಚಿಗೆ ಅಡ್ಡಲಾಗಿ ಕೊಟ್ಟು ಗುಂಡಿ ಒತ್ತಿದ.

ಇಡೀ ಮನೆ ನಡುಗಿತು. ಅಡುಗೆಮನೆಯ ತಟ್ಟೆ ಲೋಟಗಳು ತಾವಾಗಿಯೇ ಮಾತಾಡತೊಡಗಿದವು. ಹೊಲಿಗೆ ಯಂತ್ರದ ಮೇಲಿಟ್ಟಿದ್ದ ಕತ್ತರಿ ಜರುಗಿ ಜರುಗಿ ಕೆಳಗೆ ಬಿತ್ತು. ಧೂಳಿನಲ್ಲಿ ಗಂಡನ ಬೆನ್ನು ಮಾತ್ರ ಕಾಣುತ್ತಿತ್ತು. ಟೈಲರಕ್ಕ ಸೆರಗು ಮೂಗಿಗೆ ಒತ್ತಿಕೊಂಡು ನೋಡುತ್ತಾ ನಿಂತಳು. ಅಂಚಿನಲ್ಲಿ ಒಂದಿಷ್ಟು ಗಾರೆ ಉದುರಿತ್ತು, ಇಟ್ಟಿಗೆ ಒಡೆದಿರಲಿಲ್ಲ. ಆದರೆ ಮೂಲೆಯಲ್ಲಿ, ಎರಡು ಗೋಡೆ ಕೂಡುವ ಕಡೆ, ಮೇಲಿನಿಂದ ಕೆಳಗೆ ಕಪ್ಪು ದಾರದಂತೆ ಏನೋ ಇಳಿದಿತ್ತು. ಅವಳು ಗಂಡನ ಭುಜ ತಟ್ಟಿದಳು. ಅವನು ತಿರುಗದೆಯೇ ಇನ್ನೊಂದು ಸ್ವಲ್ಪ ಎಂದು ಬೆರಳು ತೋರಿಸಿದ.

ಅಷ್ಟರಲ್ಲಿ ಮುಂಬಾಗಿಲನ್ನು ಯಾರೋ ಗುದ್ದತೊಡಗಿದರು. ಟೈಲರಕ್ಕ ಓಡಿ ಹೋಗಿ ತೆಗೆದಳು. ಪಕ್ಕದ ಮನೆಯ ಬೇಕರಿಯಣ್ಣ. ರಾತ್ರಿಯೆಲ್ಲ ಒಲೆಯ ಮುಂದೆ ಬ್ರೆಡ್ಡು ಬೇಯಿಸಿ ಬಂದು ಹಗಲು ಮಲಗುವ ಒಂಟಿ ಜೀವ. ಕಣ್ಣು ಕೆಂಡ, ಕೂದಲು ಕೆದರಿದೆ, ಕೆನ್ನೆಯ ಮೇಲೆ ದಿಂಬಿನ ಗೆರೆ ಇನ್ನೂ ಇದೆ.

"ಊರಿಗೆಲ್ಲ ಬೆಳಗಾದ್ರೆ ನನಗೆ ರಾತ್ರಿ ಅಂತ ನಿಮಗೆ ಗೊತ್ತಿಲ್ವಾ? ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ನಾನೇನು ಮನುಷ್ಯ ಅಲ್ವಾ, ನನಗೇನು..."

ಧಡ್ ಎಂದು ಒಂದು ಸದ್ದು ಬಂತು. ಅದು ಯಂತ್ರದ ಸದ್ದಾಗಿರಲಿಲ್ಲ. ಅದರ ಹಿಂದೆಯೇ ಯಂತ್ರವೂ ನಿಂತಿತು. ಬೈಯಲು ಬಾಯಿ ತೆರೆದಿದ್ದ ಬೇಕರಿಯಣ್ಣ ಬಾಯಿ ತೆರೆದುಕೊಂಡೇ ನಿಂತ.

ಒಳಗೆ ಓಡಿದರು. ಡ್ರೈವರು ಯಂತ್ರವನ್ನು ಇಳಿಬಿಟ್ಟುಕೊಂಡು ನಿಂತಿದ್ದ. ಒಡೆಯಬೇಕಾಗಿದ್ದ ಗೋಡೆತುಂಡು ಒಡೆದಿರಲಿಲ್ಲ, ಇಡಿಯಾಗಿ ಹಿಂದಕ್ಕೆ ಸರಿದಿತ್ತು. ಮೂಲೆಯಲ್ಲಿ ಗೋಡೆ ಇರಬೇಕಾದ ಕಡೆ ಬೆಳಕು ಬರುತ್ತಿತ್ತು. ಅದು ಪಕ್ಕದ ಮನೆಯ ಕಿಟಕಿಯ ಬೆಳಕು ಎಂದು ಅರ್ಥವಾಗಲು ಟೈಲರಕ್ಕನಿಗೆ ಒಂದು ಕ್ಷಣ ಬೇಕಾಯಿತು.

ಮೂವರೂ ಪಕ್ಕದ ಮನೆಗೆ ಹೋದರು. ಬೇಕರಿಯಣ್ಣನ ಮಂಚ ಆ ಗೋಡೆಗೇ ತಲೆ ಕೊಟ್ಟಿತ್ತು. ಹೊದಿಕೆ ಅವನು ಎದ್ದು ಬಂದ ಹಾಗೆಯೇ ಅರ್ಧ ಸರಿದಿತ್ತು. ದಿಂಬು ಮಾತ್ರ ಕಾಣಲಿಲ್ಲ. ದಿಂಬಿದ್ದ ಜಾಗದಲ್ಲಿ ಗಾರೆ ಅಂಟಿದ ಇಟ್ಟಿಗೆಗಳ ರಾಶಿ ಬಿದ್ದಿತ್ತು.

  ಬೇಕರಿಯಣ್ಣ ಮೆಲ್ಲಗೆ ಹೇಳಿದ, "ನಾನು ಬೈಯೋಣ ಅಂತ ಎದ್ದು ಬಂದೆ." ಮತ್ತೆ, "ಬೈಯೋಣ ಅಂತ ಅಷ್ಟೇ," ಎಂದ. ಡ್ರೈವರು ನೆಲದ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡ.

ಸದ್ದಿಗೆ ಸೇರಿದ ಜನರಲ್ಲಿ ಯಾರೋ ಹಿರಿಯರು, "ತಲೆಗೆ ಬಂದದ್ದು ಪೇಟಕ್ಕೆ ಹೋಯ್ತು ಬಿಡಿ," ಎಂದರು. ಟೈಲರಕ್ಕನಿಗೆ ಅದರಿಂದ ಸಮಾಧಾನವಾಗಲಿಲ್ಲ. ಈ ಮನುಷ್ಯನಿಗೆ ಗಾಢ ನಿದ್ದೆ ಇದ್ದಿದ್ದರೆ? ಪಕ್ಕದ ಮನೆಯವರು ಒಳ್ಳೆಯವರು, ಬೈಯುವುದೇಕೆ ಎಂದು ಮಗ್ಗುಲು ಬದಲಾಯಿಸಿ ಮಲಗಿದ್ದರೆ? ಅಂಗಡಿಯಲ್ಲಿ ತಾನು ನಕ್ಕಿದ್ದು ನೆನಪಾಗಿ ಅವಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಸುದ್ದಿ ಕೇಳಿ ಅಂಗಡಿಯಾಕೆ ಓಡಿ ಬಂದಳು. ಹಾಸಿಗೆ ನೋಡಿದಳು. "ನಾನು ಕೊಡಬಾರದಿತ್ತು. ಕೇಳಿದ ಪ್ರಶ್ನೆಗೆ ಉತ್ತರ ಬರೋ ತನಕ ಮಷೀನು ಕೈಗೆ ಕೊಡಬಾರದಿತ್ತು," ಎಂದಳು. ಬಿದ್ದ ಇಟ್ಟಿಗೆಯೊಂದನ್ನು ಎತ್ತಿ ಗೋಡೆಗೆ ಹಿಡಿದು ತೋರಿಸಿದಳು. "ನೋಡಿ, ಈ ಗೋಡೆಯ ದಪ್ಪ ಒಂದು ಇಟ್ಟಿಗೆಯ ಅಗಲ ಅಷ್ಟೇ. ಎರಡೂ ಕಡೆ ಗಾರೆ ಬಳಿದಿರೋದ್ರಿಂದ ದಪ್ಪ ಅನ್ಸತ್ತೆ. ನೀವು ಕೊಟ್ಟ ಏಟನ್ನೆಲ್ಲ ಆ ತುಂಡುಗೋಡೆ ಇದರ ಮೇಲೆ ಹಾಕಿದೆ."

"ಇನ್ನು ಯಾವ ಮಷೀನೂ ಬೇಡ," ಎಂದ ಡ್ರೈವರು. "ಅಮ್ಮ ಏನು ಬೇಕಾದ್ರೂ ಅನ್ನಲಿ. ಎತ್ಕೊಂಡೇ ಹೋಗ್ತೀನಿ."

"ಅತ್ತೆ ನೀರು ಕುಡೀತಿಲ್ಲ," ಎಂದಳು ಟೈಲರಕ್ಕ. ಗಂಡನಿಗೆ ಅದು ಗೊತ್ತಿರಲಿಲ್ಲ. ಅವನು ತಲೆ ಎತ್ತಿ ಹೆಂಡತಿಯನ್ನೇ ನೋಡಿದ.

ಅಂಗಡಿಯಾಕೆ ಗೆಳತಿಯ ಕಡೆ ತಿರುಗಿದಳು. "ನೀನೇ ಹೇಳು, ತೆಳು ರೇಷ್ಮೆಗೆ ಗೋಣಿ ಹೊಲಿಯೋ ದಬ್ಬಳ ಹಾಕ್ತೀಯಾ?"

"ಹಾಕಿದ್ರೆ ಬಟ್ಟೆ ಹರಿಯತ್ತೆ."

"ಹಾಗಂತ ಹೊಲಿಯೋದೇ ಬಿಡ್ತೀಯಾ?"

"ಸಣ್ಣ ಸೂಜಿ ತಗೋತೀನಿ."

"ಅಷ್ಟೇ ವಿಷಯ. ಉಗುರಲ್ಲಿ ಹೋಗೋದಕ್ಕೆ ಕೊಡ್ಲಿ ತಗೊಂಡ್ರೆ ಹೀಗಾಗತ್ತೆ." ಅವಳು ಡ್ರೈವರನ ಎದುರು ಕೂತಳು. "ಮೊದಲು ಮೇಸ್ತ್ರಿ ಬರಲಿ. ಬಾಗಿಲ ಮೇಲಿನ ತೊಲೆ ಗೋಡೆಯ ಭಾರ ಹೊತ್ತಿದೆ, ಅದಕ್ಕೆ ಆಸರೆ ಕೊಡೋದು ಅವನ ಕೆಲಸ, ನಮ್ಮದಲ್ಲ. ಆಮೇಲೆ ಸಣ್ಣ ಕಟ್ಟಿಂಗ್ ಮಷೀನಲ್ಲಿ ಎರಡೂ ಮುಖದಲ್ಲಿ ಗೆರೆ ಕೊಯ್ಕೋಬೇಕು. ಗೆರೆ ಬಿದ್ರೆ ಪೆಟ್ಟು ಆಚೆ ದಾಟಲ್ಲ. ಕಲ್ಲು, ಇಟ್ಟಿಗೆ ಕೊಯ್ಯೋಕೆ ಅಂತಲೇ ಬರೋ ಬಿಲ್ಲೆ ಇರಲಿ, ಆ ಮಷೀನಿಗೆ ಹೇಳಿದ ಅಳತೆದೇ ಇರಲಿ. ಬಿಲ್ಲೆ ಮುಚ್ಚೋ ಕವಚ ಬಿಚ್ಚಬೇಡಿ. ಧೂಳು ಎಳ್ಕೊಳ್ಳೋ ಕೊಳವೆ ಇರೋದನ್ನೇ ಕೊಡ್ತೀನಿ, ಜೊತೆಗೆ ಮಾಸ್ಕು, ಕನ್ನಡಕ. ಸೆರಗು ಮುಚ್ಕೊಂಡ್ರೆ ಆ ಧೂಳು ನಿಲ್ಲಲ್ಲ, ಪುಪ್ಪುಸಕ್ಕೆ ಹೋಗಿ ಕೂರತ್ತೆ. ಕೊನೆಗೆ ಚಿಕ್ಕ ಸುತ್ತಿಗೆ ಮಷೀನು. ಮೇಲಿನಿಂದ ಒಂದೊಂದೇ ಇಟ್ಟಿಗೆ."

"ಗೋಡೆ ಒಳಗೆ ವೈರ್ ಇದ್ರೆ?" ಎಂದ ಡ್ರೈವರು.

"ಇದೇ ಪ್ರಶ್ನೆ ಅಂಗಡಿಯಲ್ಲೇ ಕೇಳಿದ್ರೆ ನಾನು ಕಾಲಿಗೆ ಬೀಳ್ತಿದ್ದೆ. ವೈರು ಎಲ್ಲಿ ಹೋಗಿದೆ ಅಂತ ಎಲೆಕ್ಟ್ರಿಷಿಯನ್ ನೋಡಲಿ. ಆ ಗೋಡೆಯ ಕರೆಂಟು ತೆಗೆದೇ ಕೆಲಸ."

ಡ್ರೈವರು ತಲೆ ತುರಿಸಿಕೊಂಡ. "ಚಿಕ್ಕದರಲ್ಲಿ ನಿಧಾನ ಆಗಲ್ವಾ?"

ಮಂಚದ ಕಾಲಿಗೆ ಒರಗಿ ಕೂತಿದ್ದ ಬೇಕರಿಯಣ್ಣ ಆಗ ಬಾಯಿಬಿಟ್ಟ. "ನಿಧಾನ ಆದ್ರೆ ನಂದೇನೂ ತಕರಾರಿಲ್ಲ," ಎಂದ. ಯಾರಿಗೂ ನಗಲು ಧೈರ್ಯ ಬರಲಿಲ್ಲ.

ಅತ್ತೆಗೆ ಫೋನಿನಲ್ಲಿ ವಿಷಯ ತಿಳಿಸಿದಾಗ ಅವರು ಬಾಗಿಲಿನ ಮಾತೇ ಎತ್ತಲಿಲ್ಲ. "ಬೇಕರಿ ಹುಡುಗ ಹುಷಾರಾಗಿದಾನಾ? ನೀನು ಕಣ್ಣಾರೆ ನೋಡಿದ್ಯಾ?" ಎಂದು ಅದನ್ನೇ ತಿರುತಿರುಗಿ ಕೇಳಿದರು. ಗೋಡೆ ಎದ್ದು ನಿಲ್ಲುವವರೆಗೆ ಆಸ್ಪತ್ರೆಯಲ್ಲೇ ಇರುತ್ತೇನೆ, ನರ್ಸಮ್ಮ ಕೊಟ್ಟಷ್ಟು ನೀರೂ ಕುಡಿಯುತ್ತೇನೆ ಎಂದರು.

ಮೇಸ್ತ್ರಿ ಬಂದು ಮೊದಲು ಬೇಕರಿಯಣ್ಣನ ಗೋಡೆ ಕಟ್ಟಿದ. ಅದು ಗಟ್ಟಿಯಾದ ಮೇಲೆ ಬಾಗಿಲ ಮೇಲೆ ಹೊಸ ತೊಲೆ ಕೂರಿಸಿದ. ಗೆರೆ ಕೊಯ್ದು ಇಟ್ಟಿಗೆ ಬಿಡಿಸಿದ್ದು ಡ್ರೈವರೇ, ಮೇಸ್ತ್ರಿಯ ಕಣ್ಣೆದುರಿಗೆ. ಕೈಯಲ್ಲಿದ್ದುದು ಚಿಕ್ಕ ಯಂತ್ರ. ತಟ್ಟೆ ಲೋಟ ಅಲುಗಲಿಲ್ಲ. ಕೆಲಸ ನಡೆದಷ್ಟು ಹೊತ್ತೂ ಬೇಕರಿಯಣ್ಣ ಟೈಲರಕ್ಕನ ಮುಂಗೋಣೆಯಲ್ಲಿ ಕುಳಿತಿದ್ದ. ಮಲಗಿ ಎಂದರೂ ಮಲಗಲಿಲ್ಲ.

ಅತ್ತೆ ಮನೆಗೆ ಬಂದವರು ಚಕ್ರ ತಿರುಗಿಸಿಕೊಂಡು ನೇರ ಬಚ್ಚಲಿಗೆ ಹೋದರು. "ಯಾರೂ ಹಿಂದೆ ಬರಬೇಡಿ," ಎಂದು ಬಾಗಿಲು ಹಾಕಿಕೊಂಡರು. ಹೊರಗೆ ನಿಂತಿದ್ದ ಟೈಲರಕ್ಕನಿಗೆ ಸಂತೋಷದಿಂದ ಅಳು ಬಂತು. ಸಂತೋಷದ ಒಳಗೆ ಇಟ್ಟಿಗೆ ಬಿದ್ದಿದ್ದ ಆ ಹಾಸಿಗೆಯೂ ಕಂಡಿತು. ಅದು ಇನ್ನೂ ಕಾಣುತ್ತದೆ. ಬೇಕರಿಯಣ್ಣ ಈಗ ಮಂಚವನ್ನು ಕೋಣೆಯ ನಡುವೆ ಎಳೆದುಕೊಂಡು ಮಲಗುತ್ತಾನೆ. ಗೋಡೆ ಗಟ್ಟಿ ಇದೆ ಎಂದು ಮೇಸ್ತ್ರಿ ಎಷ್ಟು ಹೇಳಿದರೂ ಕೇಳುವುದಿಲ್ಲ.

ಓದುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಬಾಗಿಲು ಅಗಲ ಮಾಡುವ, ಕಿಟಕಿ ಕೂರಿಸುವ ಕೆಲಸ ಇರಬಹುದು. ಯಂತ್ರವನ್ನು ತೂಕ ನೋಡಿ ಆರಿಸಬೇಡಿ, ಗೋಡೆ ನೋಡಿ ಆರಿಸಿ. ಭಾರ ಹೊತ್ತ ಗೋಡೆಯಾದರೆ ಮೇಸ್ತ್ರಿ ಬರುವವರೆಗೆ ಕಾಯಿರಿ. ಅಂಗಡಿಯವರು ಪ್ರಶ್ನೆ ಕೇಳಿದರೆ ತಮಾಷೆ ಮಾಡದೆ ಉತ್ತರ ಕೊಡಿ, ಕೇಳದಿದ್ದರೆ ನೀವೇ ಕೇಳಿ. ಮತ್ತೆ, ಅಂಗಡಿಗೆ ಹೊರಡುವ ಮೊದಲು ಪಕ್ಕದ ಮನೆಯ ಬಾಗಿಲು ತಟ್ಟಿ. ಒಳಗೆ ಹೋಗಿ ನೋಡಿ, ನೀವು ಒಡೆಯಬೇಕೆಂದಿರುವ ಗೋಡೆಗೆ ತಲೆ ಕೊಟ್ಟು ಅಲ್ಲಿ ಯಾರು ಮಲಗುತ್ತಾರೆ ಎಂದು.