ಲೋಗೋದಷ್ಟು ದೊಡ್ಡ ವಿರಾಮ

ಸೊಸೆಗೆ ಡಿಸೈನಿನ ದುಬಾರಿ ಸಾಫ್ಟ್‌ವೇರ್‌ಗಳು ಬರುತ್ತಿರಲಿಲ್ಲ. ಬರುತ್ತಿದ್ದದ್ದು ವೆಬ್ ಪುಟ ಕಟ್ಟುವುದೊಂದೇ. ಹಾಗಾಗಿ ಅವಳ ಕೈಗೆ ಬಂದದ್ದೆಲ್ಲ ವೆಬ್ ಪುಟವೇ ಆಗುತ್ತಿತ್ತು. ಹಲ್ಲಿನ ಡಾಕ್ಟರ ಬೋರ್ಡು, ಟ್ಯೂಷನ್ನಿನ ಕರಪತ್ರ, ಆ್ಯಪಿನ ಪರದೆ, ಎಲ್ಲವನ್ನೂ ಬ್ರೌಸರಿನಲ್ಲೇ ಬರೆದು, ಅಚ್ಚಾಗಬೇಕಾದದ್ದನ್ನು ಅಲ್ಲಿಂದಲೇ ಪ್ರಿಂಟಿಗೆ ಕಳಿಸುತ್ತಿದ್ದಳು. ಅಕ್ಷರ ಎಷ್ಟು ಎತ್ತರ, ಬಣ್ಣ ಯಾವುದು ಎಂದು ಹೇಳುವ ಸ್ಟೈಲ್ ಫೈಲು ಮಾತ್ರ ಎಲ್ಲಕ್ಕೂ ಒಂದೇ. ಒಂದು ಕಡೆ ತಿದ್ದಿದರೆ ಎಲ್ಲ ಕಡೆ ತಿದ್ದಿದ ಹಾಗೆ ಎಂದು ಅದರ ಬಗ್ಗೆ ಅವಳಿಗೆ ಜಂಬ ಬೇರೆ.

ಅತ್ತೆಗೆ ಇದು ಕೆಲಸವಾಗಿ ಕಂಡದ್ದೇ ಇಲ್ಲ.

"ಕೂತ್ಕೊಂಡು ಟೀವಿ ನೋಡಿದ್ರೂ ದುಡ್ಡು ಕೊಡ್ತಾರೆ ಅಂತ ಗೊತ್ತಿದ್ರೆ, ನಾನ್ಯಾಕೆ ಹೊಲಿಗೆ ಕಲೀತಿದ್ದೆ."

"ನಿಮಗೆ ಮೌಸ್ ಹಿಡಿಯೋಕೆ ಬರಲ್ಲ, ಅತ್ತೆ."

"ನಿನಗೆ ಸೂಜಿಗೆ ದಾರ ಪೋಣಿಸೋಕೆ ಬರಲ್ಲ. ಅದನ್ನ ನಾನು ಬೀದಿಗೆಲ್ಲ ಹೇಳ್ಕೊಂಡು ಬಂದ್ನಾ?"

ಬಂದಿದ್ದರು. ಇಬ್ಬರ ನಡುವಿನ ಗಂಡಸು ಇಂಥ ಹೊತ್ತಿನಲ್ಲಿ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗುವುದರಲ್ಲಿ ಪಳಗಿದ್ದ.

ಅತ್ತೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರು ಕೂರಿಸುವ ಸಾಲಿನಲ್ಲಿದ್ದರು. ಕಾರ್ಮಿಕರ ಸಂಘದಲ್ಲೂ ಇದ್ದರು. ಕಾರ್ಖಾನೆಯಲ್ಲಿ ಒಬ್ಬ ಹೆಂಗಸು ಶೌಚಕ್ಕೆ ಹೋಗಬೇಕಾದರೆ ಸಾಲಿನ ತಲೆಯಲ್ಲಿ ಸ್ಕ್ರೂ ಹಾಕಿ ಕೂರಿಸಿದ ಟ್ಯಾಬಿನಲ್ಲಿ ತನ್ನ ನಂಬರು ಮುಟ್ಟಿ, 'ವಿರಾಮ' ಎಂಬ ಗುಂಡಿ ಒತ್ತಿ ಹೋಗಬೇಕು. ಒತ್ತದೆ ಎದ್ದರೆ ಗೈರುಹಾಜರಿ. ಮೈಯ ಮರ್ಯಾದೆಯನ್ನೂ ಆ್ಯಪಿಗೆ ಹಾಕಿದ್ದ ಪುಣ್ಯಾತ್ಮರು ಕಾರ್ಖಾನೆಯವರು. ಆ ಆ್ಯಪಿನ ಪರದೆ ಬರೆದವಳು ಸೊಸೆಯೇ. ಮೊದಲು ಅವಳು ಗುಂಡಿಯನ್ನು ಹೆಬ್ಬೆರಳಿಗೆ ಸಿಗುವಷ್ಟು ಅಗಲ ಮಾಡಿ, ಹಸಿರು ಬಳಿದಿದ್ದಳು. ಮ್ಯಾನೇಜರ್ ಅದನ್ನು ಒಪ್ಪಲಿಲ್ಲ.

"ಮೂಲೆಗೆ ಹಾಕಿ, ಚಿಕ್ಕದು ಮಾಡಿ. ಬೂದು ಬಣ್ಣದ ಮೇಲೆ ಬೂದು ಬಣ್ಣ ಇರಲಿ."

"ಕಾಣೋದೇ ಇಲ್ಲ ಸರ್."

"ಸಿಗಬಾರದು ಅಂತಲ್ಲಮ್ಮ. ಸುಮ್ಮಸುಮ್ಮನೆ ಸಿಗಬಾರದು."

ಸೊಸೆ ಮಾಡಿಕೊಟ್ಟಳು. ಅಂದಿನಿಂದ ಅತ್ತೆ ಬೆಳಿಗ್ಗೆ ಬ್ಯಾಗಿನಲ್ಲಿಟ್ಟುಕೊಂಡು ಹೋದ ನೀರಿನ ಬಾಟಲಿ ಸಂಜೆ ತುಂಬಿದ ಹಾಗೇ ಮನೆಗೆ ಬರತೊಡಗಿತು. ಕನ್ನಡಕ ಹಾಕಿ, ತೆಗೆದು, ಕತ್ತು ಓರೆ ಮಾಡಿ ಗುಂಡಿ ಹುಡುಕುವಷ್ಟರಲ್ಲಿ ಸೂಪರ್‌ವೈಸರ್ ಹಿಂದೆ ನಿಂತು ಕೆಮ್ಮುತ್ತಿದ್ದ. ಹುಡುಕುವುದಕ್ಕಿಂತ ಕುಡಿಯದಿರುವುದೇ ಸುಲಭ. ಉರಿಮೂತ್ರ ಶುರುವಾಯಿತು. ಜ್ವರವೂ ಬಂತು. ಹೀಗೇ ಮಾಡಿದರೆ ಕಿಡ್ನಿ ಕೈಕೊಡುತ್ತದೆ ಎಂದು ಡಾಕ್ಟರು ಗದರಿದರು.

"ಅದು ಮ್ಯಾನೇಜರ್ ಹೇಳಿದ್ದು ಅತ್ತೆ, ನಾನೇನು ಮಾಡ್ಲಿ."

"ಬಾಯಿ ಅವನದ್ದು, ಸರಿ. ಕೈ ಯಾರದ್ದು?"

ಅತ್ತೆ ಅಷ್ಟಕ್ಕೇ ಬಿಡಲಿಲ್ಲ.

"ನಾಳೆ ಗೇಟಿಗೆ ಅಂಟಿಸ್ಬೇಕು, ಒಂದು ಪೋಸ್ಟರ್ ಮಾಡ್ಕೊಡು. 'ವಿರಾಮ' ಅಂತ ಒಂದೇ ಮಾತು, ಕಾಗದ ತುಂಬ, ಕೆಂಪಗೆ. ಕೆಳಗೆ 'ಕೇಳ್ತಿಲ್ಲ, ತಗೊಳ್ತೀವಿ' ಅಂತ. ಕಣ್ಣಿಲ್ಲದವನಿಗೂ ಕಾಣ್ಬೇಕು."

ಸೊಸೆ ಕೂತಳು. ಆ ಮಾತು ಆಗಲೇ ಆ್ಯಪಿನಲ್ಲಿ ಗುಂಡಿಯಾಗಿ ಇತ್ತಲ್ಲ. ಹೊಸದಾಗಿ ಬರೆಯುವುದೇಕೆಂದು ಆ ಗುಂಡಿಯನ್ನೇ ಎತ್ತಿ ಪೋಸ್ಟರಿಗೆ ತಂದಳು. ಸ್ಟೈಲ್ ಫೈಲಿನಲ್ಲಿ ಅದರ ಅಳತೆಯನ್ನು ಪುಟದ ತುಂಬ ಹಿಗ್ಗಿಸಿ, ಬೂದು ಅಳಿಸಿ ಕೆಂಪು ಹಾಕಿದಳು. ಫೈಲು ಉಳಿಸಿ ಪ್ರಿಂಟಿಗೆ ಕೊಟ್ಟಳು. ಕಾರ್ಖಾನೆಯ ಟ್ಯಾಬುಗಳೆಲ್ಲ ಅದೇ ಫೈಲನ್ನು ನೋಡಿಕೊಂಡು ಬಣ್ಣ ಬಳಿದುಕೊಳ್ಳುತ್ತವೆ ಎಂಬುದು ಅವಳ ನೆನಪಿಗೆ ಬರಲಿಲ್ಲ. ಪೋಸ್ಟರು ಚೆನ್ನಾಗಿ ಬಂದ ಖುಷಿಯಲ್ಲಿದ್ದಳು. ಅತ್ತೆ ಕೂಡ ಪರವಾಗಿಲ್ಲ ಎಂದಿದ್ದರು. ಅವರ ಬಾಯಲ್ಲಿ ಅದು ಸನ್ಮಾನ.

ಮರುದಿನ ಬೆಳಿಗ್ಗೆ ಟ್ಯಾಬುಗಳು ಹೊತ್ತಿಕೊಂಡಾಗ ಪ್ರತಿ ಸಾಲಿನ ತಲೆಯಲ್ಲೂ ಕೆಂಪಗೆ ಒಂದೇ ಮಾತು: ವಿರಾಮ. ಬೇರೆ ಏನೂ ಕಾಣದು. ಎಲ್ಲಿ ಮುಟ್ಟಿದರೂ ವಿರಾಮವೇ. ಮೇಲಿನವರ ಆದೇಶವಿರಬೇಕೆಂದು ಸೂಪರ್‌ವೈಸರ್ ಸುಮ್ಮನಾದ. ಪ್ರಶ್ನೆ ಕೇಳುವುದು ಅವನ ಸಂಬಳದಲ್ಲಿ ಸೇರಿರಲಿಲ್ಲ. ಅತ್ತೆ ಎದ್ದರು, ಅಂಗೈಯಿಂದ ಒತ್ತಿದರು, ಹೋದರು. ಹಿಂದೆ ಇಡೀ ಸಾಲು ಎದ್ದಿತು, ಅದರ ಹಿಂದೆ ಪಕ್ಕದ ಸಾಲು. ಮಿಷನ್ನುಗಳ ಸದ್ದು ನಿಂತುಹೋಯಿತು. ಕರೆಂಟು ಹೋಯಿತೆಂದುಕೊಂಡು ಗಾಜಿನ ಕೋಣೆಯಿಂದ ಹೊರಬಂದ ಮ್ಯಾನೇಜರ್‌ಗೆ ಫ್ಯಾನು ತಿರುಗುತ್ತಿರುವುದು ಕಂಡಿತು, ಹೆಂಗಸರು ಕಾಣಲಿಲ್ಲ. ಎಲ್ಲರೂ ಶೌಚಾಲಯದ ಮುಂದಿದ್ದರು. ಅಲ್ಲಿದ್ದದ್ದು ಎರಡೇ ಬಾಗಿಲು, ಅದರಲ್ಲೊಂದರ ಒಳಗೆ ದಾರದ ಕೋನುಗಳನ್ನು ಪೇರಿಸಿ ಬೀಗ ಹಾಕಿದ್ದರು.

"ಏನಮ್ಮ ಇದು, ಸ್ಕ್ರೀನ್ ತುಂಬ ರಕ್ತ ಬಂದ ಹಾಗಿದೆ!" ಫೋನಿನಲ್ಲಿ ಮ್ಯಾನೇಜರ್. "ಲ್ಯಾಪ್‌ಟಾಪ್ ತಗೊಂಡು ಈಗಲೇ ಬನ್ನಿ."

ಸೊಸೆಗೆ ಆಗ ಸ್ಟೈಲ್ ಫೈಲು ನೆನಪಾಯಿತು. ಲ್ಯಾಪ್‌ಟಾಪ್ ಎತ್ತಿಕೊಂಡು ಓಡಿದಳು. ಗೇಟಿಗೆ ಬಂದಾಗ ಪೋಸ್ಟರು ಇನ್ನೂ ಅಲ್ಲೇ ನಗುತ್ತಿತ್ತು. ಅಂಥದ್ದೇ ಇನ್ನೊಂದು ಮ್ಯಾನೇಜರ್ ಮೇಜಿನ ಮೇಲೆ, ಟ್ಯಾಬಿನ ಪಕ್ಕದಲ್ಲಿ ಮಲಗಿತ್ತು.

"ಎರಡೂ ಒಂದೇ ತರ ಇದೆಯಲ್ಲ."

"ಫಾಂಟ್ ಫ್ರೀ ಸರ್. ಯಾರು ಬೇಕಾದ್ರೂ ತಗೋಬಹುದು."

"ಬಣ್ಣ?"

"ಕೆಂಪು ಕೂಡ ಫ್ರೀನೇ ಸರ್."

ಅಷ್ಟರಲ್ಲಿ ಅತ್ತೆಯನ್ನೂ ವಿಚಾರಣೆಗೆ ಕರೆಸಿದ್ದರು. ಬಾಟಲಿ ಕಂಕುಳಲ್ಲಿ ಅವುಚಿಕೊಂಡು, ಸೊಸೆಯ ಮುಖವನ್ನು ಜನ್ಮದಲ್ಲಿ ಕಂಡೇ ಇಲ್ಲವೆಂಬಂತೆ ಬಾಗಿಲಲ್ಲಿ ನಿಂತರು. ಒಂದು ಮಾತು ಆಚೀಚೆ ಆದರೆ ಒಂದೇ ಮನೆಯ ಎರಡು ಕೆಲಸ ಒಟ್ಟಿಗೆ ಹೋಗುತ್ತಿತ್ತು. ಆಗಲೇ ಕಾರ್ಖಾನೆಯ ಯಜಮಾನರು ಬಂದರು. ನಿಂತ ಮಿಷನ್ನುಗಳ ನಡುವೆಯೇ ನಡೆದು ಬಂದಿದ್ದರೂ ಅವರ ಕಣ್ಣಿಗೆ ಬಿದ್ದದ್ದು ಬೇರೆ.

"ನಮ್ಮ ಲೋಗೋ ಎಲ್ಲಿ?"

ಕಿರೀಟ ತೊಟ್ಟ ಕತ್ತರಿ ಅವರ ಲೋಗೋ. ಕೆಂಪು ಗುಂಡಿ ಅದನ್ನು ನುಂಗಿತ್ತು.

"ಯಾವುದೋ ಗುಂಡಿಗಿಂತ ನಾವು ಸಣ್ಣವರಾ? ಲೋಗೋ ವಾಪಸ್ ತನ್ನಿ. ಮೊದಲಿಗಿಂತ ದೊಡ್ಡದಾಗಿ ಬರ್ಬೇಕು."

ಸೊಸೆ ಬಾಗಿಲ ಕಡೆ ನೋಡಿದಳು. ಬಾಟಲಿ ತುಂಬಿಯೇ ಇತ್ತು. ಅವಳು ತಲೆ ಬಗ್ಗಿಸಿ ಫೈಲಿಗೆ ಒಂದು ಸಾಲು ಸೇರಿಸಿದಳು: ಗುಂಡಿಯ ಎತ್ತರವೆಂದರೆ ಲೋಗೋದ ಎತ್ತರ. ಕೆಂಪು ತೆಗೆದು ಕತ್ತರಿಯ ನೀಲಿಯನ್ನೇ ಗುಂಡಿಗೂ ಬಳಿದಳು. ಟ್ಯಾಬಿನ ಮೇಲರ್ಧದಲ್ಲಿ ಕಿರೀಟದ ಕತ್ತರಿ, ಕೆಳಗೆ ಅಷ್ಟೇ ಗಾತ್ರದ ವಿರಾಮ.

"ಇನ್ನೂ ಸ್ವಲ್ಪ ದೊಡ್ಡದು" ಎಂದರು ಯಜಮಾನರು. ಕತ್ತರಿ ಬೆಳೆಯಿತು, ವಿರಾಮವೂ ಬೆಳೆಯಿತು.

"ಆ ಗುಂಡಿ ಚಿಕ್ಕದು ಮಾಡಿ" ಎಂದು ಮ್ಯಾನೇಜರ್ ಪಿಸುಗುಟ್ಟಿದರು. ಸೊಸೆ ಮಾಡಿದಳು. ಕತ್ತರಿ ಕುಗ್ಗಿ ಉಗುರು ಕತ್ತರಿಸುವಷ್ಟಾಯಿತು.

"ಯಾರ್ರೀ ಅದು ನಮ್ಮ ಲೋಗೋಗೆ ಕೈ ಹಾಕಿದ್ದು?"

ಮ್ಯಾನೇಜರ್ ಸೊಸೆಯ ಮುಖ ನೋಡಿದರು.

"ಎರಡೂ ಒಂದೇ ಅಳತೇಲಿ ಇರ್ಬೇಕು ಸರ್" ಎಂದಳು ಸೊಸೆ ವಿನಯದಿಂದ. "ಇಲ್ಲಾಂದ್ರೆ ಲೋಗೋದ ಗಾಂಭೀರ್ಯ ಹೋಗುತ್ತೆ."

ಗಾಂಭೀರ್ಯ ಹೋಗುವುದು ಯಜಮಾನರಿಗೆ ಇಷ್ಟವಿರಲಿಲ್ಲ. ದೊಡ್ಡದೇ ಇರಲಿ ಎಂದು ಅಪ್ಪಣೆಯಾಯಿತು. ಬೇರೆಯವರನ್ನು ಕರೆಸಿ ಫೈಲಿನ ಆ ಸಾಲನ್ನು ಕೀಳಿಸಬಹುದಿತ್ತು. ಆದರೆ ಗುಂಡಿ ಯಾಕೆ ಸಣ್ಣದಾಗಬೇಕು ಎಂಬುದನ್ನು ಬಾಯಿಬಿಟ್ಟು ಹೇಳಬೇಕಾಗುತ್ತಿತ್ತಲ್ಲ, ಅದು ಮ್ಯಾನೇಜರ್ ಕೈಯಲ್ಲಿ ಆಗದ ಕೆಲಸ. ಇಂಥದ್ದನ್ನೆಲ್ಲ ಬಾಯಿಬಿಡದೆ ಮಾಡಿಸಲಿಕ್ಕೆಂದೇ ಅವರಿಗೆ ಸಂಬಳ.

ಸಂಜೆ ಅತ್ತೆ ಖಾಲಿ ಬಾಟಲಿಯನ್ನು ಸೊಸೆಯ ಲ್ಯಾಪ್‌ಟಾಪಿನ ಪಕ್ಕ ಠಣ್ಣೆಂದು ಇಟ್ಟರು.

"ಲೋಗೋ ಮಾತ್ರ ಅಸಹ್ಯವಾಗಿದೆ, ನೋಡಕ್ಕಾಗಲ್ಲ."

"ಗುಂಡಿ ಸಿಕ್ತಾ ಅತ್ತೆ?"

"ಸಿಗದೆ ಎಲ್ಲಿ ಹೋಗುತ್ತೆ? ಮುಂದಿನ ಬೀದಿಗೂ ಕಾಣುತ್ತೆ. ಒತ್ತಿ ಹೋದ್ರೆ ಅಲ್ಲಿ ಇರೋದೊಂದೇ ಬಾಗಿಲು. ಆ ಇನ್ನೊಂದರ ಬೀಗ ತೆಗೆಯೋಕೆ ಏನು ಬರೀತೀಯ?"

"ಅದಕ್ಕೆ ಕೋಡ್ ಸಾಕಾಗಲ್ಲ ಅತ್ತೆ, ಪೋಸ್ಟರೇ ಬೇಕು."

ಅತ್ತೆ ಕುರ್ಚಿ ಎಳೆದು ಪಕ್ಕದಲ್ಲೇ ಕೂತರು. "ಸರಿ, ಬರಿ. ನಾನು ಟೀವಿ ನೋಡ್ತೀನಿ."

ಸೊಸೆ ಈ ಸಲ ಬೇರೆ ಫೈಲು ತೆರೆದಳು.